‘ಸಿಂಗಲ್ ಬ್ಯಾರೆಲ್’ ವಿಸ್ಕಿ: ಒಂದೇ ಪೀಪಾಯಿಯದು ಎಂದರೆ ಶುದ್ಧವೇ, ಶ್ರೇಷ್ಠವೇ?

ಅಮೆರಿಕದಿಂದ ಬಂದ ನೆಂಟರ ಸೂಟ್‌ಕೇಸಿನಲ್ಲಿ ಚಾಕಲೇಟು, ಬಾದಾಮಿಗಳ ಜೊತೆಗೆ ಕೆಲವೊಮ್ಮೆ ಒಂದು ಬಾಟಲಿಯೂ ಇರುತ್ತದೆ. ದಪ್ಪ ಗಾಜು, ಮೇಲೆ ಹಳೆಯ ಕಾಲದ ಅಕ್ಷರಗಳು, ಪೀಪಾಯಿಯ ಸಂಖ್ಯೆ, ಬಾಟಲಿಗೆ ತುಂಬಿದ ದಿನಾಂಕ, ಜೊತೆಗೆ ‘ಸಿಂಗಲ್ ಬ್ಯಾರೆಲ್’ ಎಂಬ ಎರಡು ಪದ. ಬಾಟಲಿ ಮೇಜಿನ ಮೇಲೆ ಬಂದ ಕೂಡಲೇ ಮಾತುಗಳೂ ಬರುತ್ತವೆ. “ಇದು ಒರಿಜಿನಲ್, ಏನೂ ಬೆರೆಸಿರಲ್ಲ.” “ಇಷ್ಟು ವರ್ಷ ಮರದಲ್ಲಿ ಇಟ್ಟಿದ್ದು, ದೇಹಕ್ಕೆ ಏನೂ ಆಗಲ್ಲ.” “ಒಳ್ಳೇ ಮಾಲು, ಬೆಳಿಗ್ಗೆ ತಲೆನೋವೇ ಇರಲ್ಲ.”

ಈ ಮಾತುಗಳಲ್ಲಿ ಎಷ್ಟು ನಿಜ? ಆ ಎರಡು ಪದಗಳು ನಿಜವಾಗಿ ಏನು ಹೇಳುತ್ತವೆ, ಏನು ಹೇಳುವುದಿಲ್ಲ? ಅವುಗಳ ಹಿಂದಿರುವ ವಿಜ್ಞಾನವನ್ನೂ ಇತಿಹಾಸವನ್ನೂ ಈ ಲೇಖನದಲ್ಲಿ ನೋಡೋಣ. ಮೊದಲೇ ಒಂದು ಮಾತು: ನಾವು ಯಾರಿಗೂ ಕುಡಿಯಿರಿ ಎಂದು ಹೇಳುತ್ತಿಲ್ಲ. ಲೇಬಲ್ ಓದುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ಸಿಂಗಲ್ ಬ್ಯಾರೆಲ್ ಎಂದರೇನು?

ಸಾಮಾನ್ಯ ವಿಸ್ಕಿ ಬಾಟಲಿಯಲ್ಲಿ ಇರುವುದು ಹತ್ತಾರು, ಕೆಲವೊಮ್ಮೆ ನೂರಾರು ಪೀಪಾಯಿಗಳ ಮಿಶ್ರಣ. ಒಂದು ಪೀಪಾಯಿ ಹೆಚ್ಚು ಸಿಹಿ, ಇನ್ನೊಂದು ಹೆಚ್ಚು ಒಗರು ಆಗಿರಬಹುದು. ಎಲ್ಲವನ್ನೂ ಬೆರೆಸಿದಾಗ ಸರಾಸರಿ ರುಚಿ ಸಿಗುತ್ತದೆ. ಕಳೆದ ವರ್ಷ ಕೊಂಡ ಬಾಟಲಿಗೂ ಈ ವರ್ಷದ್ದಕ್ಕೂ ವ್ಯತ್ಯಾಸ ಗೊತ್ತಾಗಬಾರದು ಎಂಬುದು ಅದರ ಉದ್ದೇಶ.

ಸಿಂಗಲ್ ಬ್ಯಾರೆಲ್‌ನಲ್ಲಿ ಈ ಬೆರಕೆ ಇರುವುದಿಲ್ಲ. ಒಂದು ಪೀಪಾಯಿಯನ್ನು ಖಾಲಿ ಮಾಡಿ, ಸಾಮಾನ್ಯವಾಗಿ ಸೋಸಿ, ನೀರು ಸೇರಿಸಿ ಹದಕ್ಕೆ ತಂದು ಬಾಟಲಿಗಳಿಗೆ ತುಂಬುತ್ತಾರೆ. ನಮ್ಮ ಮನೆಗಳ ಉಪ್ಪಿನಕಾಯಿಯನ್ನು ನೆನಪಿಸಿಕೊಳ್ಳಿ. ಒಂದೇ ಮರದ ಮಾವು, ಒಂದೇ ಅಳತೆಯ ಖಾರ, ಉಪ್ಪು ಹಾಕಿ ನಾಲ್ಕು ಜಾಡಿ ತುಂಬಿಸಿದರೂ ಒಲೆಯ ಹತ್ತಿರ ಇಟ್ಟ ಜಾಡಿಯದು ಒಂದು ರುಚಿ, ಅಟ್ಟದ ಮೇಲಿನದು ಇನ್ನೊಂದು. ನಾಲ್ಕನ್ನೂ ಬೆರೆಸಿದರೆ ಅದು ಸಾಮಾನ್ಯ ವಿಸ್ಕಿಯ ದಾರಿ. ಒಂದು ಜಾಡಿಯನ್ನು ಹಾಗೇ ಬಡಿಸಿದರೆ ಅದು ಸಿಂಗಲ್ ಬ್ಯಾರೆಲ್‌ನ ದಾರಿ.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಅಮೆರಿಕದ ಕೇಂದ್ರ ನಿಯಮಗಳಲ್ಲಿ ‘ಬರ್ಬನ್’ ಎಂಬ ಪದಕ್ಕೆ ಬಿಗಿಯಾದ ವ್ಯಾಖ್ಯೆ ಇದೆ. ‘ಸಿಂಗಲ್ ಬ್ಯಾರೆಲ್’ಗೆ ಅಂಥ ಗುಣಮಟ್ಟದ ವ್ಯಾಖ್ಯೆ ಇಲ್ಲ. ಲೇಬಲ್ ಗ್ರಾಹಕರ ದಾರಿ ತಪ್ಪಿಸಬಾರದು ಎಂಬ ಸಾಮಾನ್ಯ ನಿಯಮ ಅದಕ್ಕೂ ಅನ್ವಯಿಸುತ್ತದೆ, ಅಷ್ಟೆ. ಪೀಪಾಯಿಯಲ್ಲಿ ಎಷ್ಟು ವರ್ಷ ಇರಬೇಕು, ಎಷ್ಟು ಚೆನ್ನಾಗಿರಬೇಕು ಎಂಬುದನ್ನು ಆ ಎರಡು ಪದ ಹೇಳುವುದಿಲ್ಲ.

ಹಾಗಾದರೆ ಬರ್ಬನ್ ಎಂದರೇನು?

ಬರ್ಬನ್ ಆಗಬೇಕಾದರೆ ಧಾನ್ಯದ ಮಿಶ್ರಣದಲ್ಲಿ ಕನಿಷ್ಠ ಶೇ 51ರಷ್ಟು ಮೆಕ್ಕೆಜೋಳ ಇರಬೇಕು. ಉಳಿದದ್ದು ಸಾಮಾನ್ಯವಾಗಿ ರೈ ಅಥವಾ ಗೋಧಿ, ಜೊತೆಗೆ ಮೊಳಕೆ ಬರಿಸಿದ ಬಾರ್ಲಿ. ಧಾನ್ಯವನ್ನು ಬೇಯಿಸಿ, ಯೀಸ್ಟ್ ಹಾಕಿ ಹುದುಗಿಸಿ, ಬಟ್ಟಿ ಇಳಿಸುತ್ತಾರೆ. ಬಟ್ಟಿಯಿಂದ ಇಳಿದ ದ್ರವದಲ್ಲಿ ಮದ್ಯಸಾರದ ಪ್ರಮಾಣ ಶೇ 80 ಮೀರುವಂತಿಲ್ಲ. ಪೀಪಾಯಿಗೆ ತುಂಬುವಾಗ ಶೇ 62.5 ಮೀರುವಂತಿಲ್ಲ. ಬಾಟಲಿಯಲ್ಲಿ ಶೇ 40ಕ್ಕಿಂತ ಕಡಿಮೆ ಇರುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಳಭಾಗವನ್ನು ಬೆಂಕಿಯಿಂದ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಅದನ್ನು ಇಡಬೇಕು. ಬಣ್ಣ, ಸಕ್ಕರೆ, ಪರಿಮಳ ಸೇರಿಸುವಂತಿಲ್ಲ.

ಬರ್ಬನ್ ಕೆಂಟಕಿ ರಾಜ್ಯದ್ದೇ ಆಗಿರಬೇಕು ಎಂಬ ನಂಬಿಕೆ ತಪ್ಪು. ಅಮೆರಿಕದ ಯಾವ ರಾಜ್ಯದಲ್ಲಾದರೂ ತಯಾರಿಸಬಹುದು. ಅದು ‘ಅಮೆರಿಕದ ವಿಶಿಷ್ಟ ಉತ್ಪನ್ನ’ ಎಂದು ಅಲ್ಲಿನ ಸಂಸತ್ತು 1964ರಲ್ಲಿ ನಿರ್ಣಯ ಮಾಡಿತು. ಆದರೂ ಬಹುಪಾಲು ಬರುವುದು ಕೆಂಟಕಿಯಿಂದಲೇ. ಅಲ್ಲಿನ ನೀರು ಸುಣ್ಣದಕಲ್ಲಿನ ಪದರಗಳ ಮೂಲಕ ಹಾದು ಬರುತ್ತದೆ. ಅದರಲ್ಲಿ ಕ್ಯಾಲ್ಸಿಯಂ ಹೆಚ್ಚು, ಕಬ್ಬಿಣ ಕಡಿಮೆ. ಕಬ್ಬಿಣ ವಿಸ್ಕಿಯ ಬಣ್ಣ ಮತ್ತು ರುಚಿ ಎರಡನ್ನೂ ಕೆಡಿಸುತ್ತದೆ.

ಪೀಪಾಯಿಯ ಒಳಗೆ ನಡೆಯುವ ರಸಾಯನಶಾಸ್ತ್ರ

ಬಟ್ಟಿಯಿಂದ ಇಳಿದ ವಿಸ್ಕಿ ನೀರಿನಷ್ಟೇ ತಿಳಿಯಾಗಿರುತ್ತದೆ. ಅದರ ಕಂದು ಬಣ್ಣ ಪೂರ್ತಿಯಾಗಿ, ರುಚಿಯ ದೊಡ್ಡ ಭಾಗವೂ, ಬರುವುದು ಮರದಿಂದ. ಇದಕ್ಕೆ ಬಳಸುವುದು ಅಮೆರಿಕದ ಬಿಳಿ ಓಕ್. ಈ ಮರದ ನಾಳಗಳನ್ನು ಅದರದೇ ಜೀವಕೋಶಗಳ ಬೆಳವಣಿಗೆ ಮುಚ್ಚಿಬಿಡುತ್ತದೆ. ಹಾಗಾಗಿ ಅಂಟು, ಮೊಳೆ ಏನೂ ಇಲ್ಲದೆ ಹಲಗೆಗಳನ್ನು ಕಬ್ಬಿಣದ ಬಳೆಗಳಿಂದ ಬಿಗಿದರೆ ಸಾಕು, ಪೀಪಾಯಿ ಸೋರುವುದಿಲ್ಲ.

ಹೊಸ ಪೀಪಾಯಿಯ ಒಳಭಾಗವನ್ನು ಒಂದು ನಿಮಿಷದ ಆಸುಪಾಸು ಉರಿಯುವ ಬೆಂಕಿಗೆ ಒಡ್ಡುತ್ತಾರೆ. ಆಗ ಎರಡು ಪದರ ಉಂಟಾಗುತ್ತವೆ. ಮೇಲಿನದು ಇದ್ದಿಲು. ಅದು ಹೊಸ ಮದ್ಯದಲ್ಲಿರುವ ಗಂಧಕದ ಸಂಯುಕ್ತಗಳನ್ನು ಹೀರಿಕೊಂಡು ಕೆಟ್ಟ ವಾಸನೆಯನ್ನು ಕಡಿಮೆ ಮಾಡುತ್ತದೆ. ಅದರ ಹಿಂದೆ ಸುಡದೆ ಬರೀ ಬಾಡಿದ ಮರದ ಪದರ. ಮರದ ಲಿಗ್ನಿನ್ ಒಡೆದು ವೆನಿಲಿನ್ ಆಗುತ್ತದೆ. ಐಸ್‌ಕ್ರೀಮಿನ ವೆನಿಲಾ ಪರಿಮಳಕ್ಕೆ ಕಾರಣವೂ ಇದೇ ವಸ್ತು. ಹೆಮಿಸೆಲ್ಯುಲೋಸ್ ಒಡೆದು ಸಕ್ಕರೆಗಳಾಗಿ, ಸುಟ್ಟ ಸಕ್ಕರೆಯ ಪರಿಮಳ ಕೊಡುತ್ತದೆ. ಓಕ್‌ನಲ್ಲಿರುವ ಲ್ಯಾಕ್ಟೋನ್‌ಗಳು ತೆಂಗಿನಕಾಯಿಯ ವಾಸನೆಯನ್ನು, ಟ್ಯಾನಿನ್‌ಗಳು ಚಹಾದಲ್ಲಿರುವಂಥ ಒಗರನ್ನು ತರುತ್ತವೆ.

ಬೇಸಿಗೆಯ ಬಿಸಿಗೆ ದ್ರವ ಹಿಗ್ಗಿ ಮರದೊಳಗೆ ನುಗ್ಗುತ್ತದೆ. ಚಳಿಗಾಲದಲ್ಲಿ ಕುಗ್ಗಿ ಹೊರಬರುವಾಗ ಮರದ ರುಚಿಯನ್ನು ಹೊತ್ತು ತರುತ್ತದೆ. ಹಳೆಯ ಪೀಪಾಯಿಯ ಹಲಗೆಯನ್ನು ಕತ್ತರಿಸಿ ನೋಡಿದರೆ ದ್ರವ ಎಲ್ಲಿಯವರೆಗೆ ಹೋಗಿತ್ತು ಎಂಬುದನ್ನು ತೋರಿಸುವ ಕೆಂಪು ಗೆರೆ ಕಾಣುತ್ತದೆ.

ಒಂದರಂತೆ ಇನ್ನೊಂದು ಏಕಿಲ್ಲ?

ಒಂದು ಪೀಪಾಯಿಗೆ ಬೇಕಾಗುವ ಮೂವತ್ತರಷ್ಟು ಹಲಗೆಗಳು ಬೇರೆ ಬೇರೆ ಮರಗಳಿಂದ ಬಂದಿರಬಹುದು. ಪ್ರತಿ ಮರ ಬೆಳೆದ ಮಣ್ಣು, ವಯಸ್ಸು ಬೇರೆ. ಇನ್ನೊಂದು ಕಾರಣ ಪೀಪಾಯಿ ಇರುವ ಜಾಗ. ಕೆಂಟಕಿಯ ಗೋದಾಮುಗಳು ಹಲವು ಮಹಡಿಗಳ ಎತ್ತರ. ಮೇಲಿನ ಮಹಡಿಯಲ್ಲಿ ಬೇಸಿಗೆಯ ಕಾವು ಜೋರು, ನೆಲಮಟ್ಟದಲ್ಲಿ ತಂಪು. ಒಂದೇ ದಿನ ತುಂಬಿದ ಎರಡು ಪೀಪಾಯಿಗಳು ಎಂಟು ವರ್ಷ ಒಂದೇ ಕಟ್ಟಡದಲ್ಲಿದ್ದರೂ ಎರಡು ಬೇರೆ ಊರುಗಳಲ್ಲಿ ಇದ್ದಂತೆ.

ಕಾವು ಹೆಚ್ಚಿದ್ದಲ್ಲಿ ನಷ್ಟವೂ ಹೆಚ್ಚು. ಮರದ ಮೂಲಕ ಆವಿಯಾಗಿ ಹೋಗುವ ಭಾಗವನ್ನು ‘ದೇವತೆಗಳ ಪಾಲು’ ಎಂದು ಕರೆಯುತ್ತಾರೆ. ಒಂದು ಬರ್ಬನ್ ಪೀಪಾಯಿಯ ಅಳತೆ ಸುಮಾರು 200 ಲೀಟರ್. ಮರ ಹೀರಿಕೊಳ್ಳುವುದೂ ಸೇರಿ ಮೊದಲ ವರ್ಷ ಶೇ 10, ಆಮೇಲೆ ಪ್ರತಿ ವರ್ಷ ಶೇ 4 ಕಡಿಮೆಯಾಯಿತು ಎಂದು ಲೆಕ್ಕ ಹಾಕೋಣ. ಎಂಟು ವರ್ಷದ ಕೊನೆಗೆ ಉಳಿಯುವುದು ಸುಮಾರು 135 ಲೀಟರ್. ನೀರು ಬೆರೆಸುವ ಮೊದಲು 750 ಮಿಲಿಲೀಟರಿನ 180 ಬಾಟಲಿಗಳು. ಅವು ಖಾಲಿಯಾದರೆ ಆ ಪೀಪಾಯಿಯ ರುಚಿ ಮುಗಿಯಿತು. ಮುಂದಿನ ಪೀಪಾಯಿಯದು ಅದಕ್ಕೆ ಹತ್ತಿರವಾಗಿರಬಹುದು, ಅದೇ ಆಗಿರುವುದಿಲ್ಲ.

ಇದೇ ಲೆಕ್ಕವನ್ನು ಬೆಂಗಳೂರಿಗೆ ತಂದು ನೋಡಿ. ತಂಪಾದ ಸ್ಕಾಟ್ಲೆಂಡಿನಲ್ಲಿ ದೇವತೆಗಳ ಪಾಲು ವರ್ಷಕ್ಕೆ ಶೇ 2ರ ಸುಮಾರು. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ತನ್ನಲ್ಲಿ ಅದು ಶೇ 10ಕ್ಕೂ ಹೆಚ್ಚು ಎನ್ನುತ್ತದೆ. ಶೇ 10 ಎಂದೇ ಹಿಡಿದರೂ 200 ಲೀಟರಿನಲ್ಲಿ ಎಂಟು ವರ್ಷಕ್ಕೆ ಉಳಿಯುವುದು 86 ಲೀಟರ್. ಹಾಗಾಗಿ ಬಿಸಿ ನಾಡಿನ ವಿಸ್ಕಿಯ ವಯಸ್ಸನ್ನು ತಂಪು ನಾಡಿನ ವಯಸ್ಸಿನ ಜೊತೆ ಹೋಲಿಸುವುದರಲ್ಲಿ ಅರ್ಥವಿಲ್ಲ. ಹೊಸ ಪೀಪಾಯಿಯೇ ಬೇಕು ಎಂಬ ನಿಯಮದಿಂದಾಗಿ ಬರ್ಬನ್‌ಗೆ ಒಮ್ಮೆ ಬಳಸಿದ ಪೀಪಾಯಿ ಮತ್ತೆ ಬರ್ಬನ್‌ಗೆ ಬಾರದು. ಅವು ಹಡಗೇರಿ ಸ್ಕಾಟ್ಲೆಂಡಿಗೂ, ನಮ್ಮ ಬೆಂಗಳೂರಿಗೂ ಬರುತ್ತವೆ.

1984ರಲ್ಲಿ ಹುಟ್ಟಿದ ಹೊಸ ಹೆಸರು

ಒಂದೇ ಪೀಪಾಯಿಯಿಂದ ವಿಸ್ಕಿ ಮಾರುವುದು ಹಳೆಯ ಪದ್ಧತಿಯೇ. 19ನೇ ಶತಮಾನದಲ್ಲಿ ಅಂಗಡಿಯವರು ಪೀಪಾಯಿಯನ್ನೇ ಕೊಂಡು ತಂದು, ಗಿರಾಕಿ ತಂದ ಜಾಡಿಗೆ ಸುರಿದು ಕೊಡುತ್ತಿದ್ದರು. ತೊಂದರೆ ಎಂದರೆ, ಆ ಪೀಪಾಯಿಯಲ್ಲಿ ಏನಿದೆ ಎಂದು ಯಾರಿಗೂ ಖಾತ್ರಿ ಇರಲಿಲ್ಲ. ಖಾಲಿ ಮದ್ಯಸಾರಕ್ಕೆ ಸುಟ್ಟ ಸಕ್ಕರೆ, ಒಣಹಣ್ಣಿನ ರಸ ಬೆರೆಸಿ ‘ಹಳೆಯ ವಿಸ್ಕಿ’ ಎಂದು ಮಾರುವವರು ಬಹಳ ಮಂದಿ ಇದ್ದರು. ಇದನ್ನು ತಡೆಯಲು 1897ರಲ್ಲಿ ‘ಬಾಟಲ್ಡ್ ಇನ್ ಬಾಂಡ್’ ಕಾಯ್ದೆ ಬಂತು. ಒಂದೇ ಬಟ್ಟಿಮನೆ, ಒಂದೇ ಹಂಗಾಮು, ಸರ್ಕಾರಿ ನಿಗಾದ ಗೋದಾಮಿನಲ್ಲಿ ಕನಿಷ್ಠ ನಾಲ್ಕು ವರ್ಷ, ಶೇ 50 ಮದ್ಯಸಾರ: ಇವಿಷ್ಟು ಇದ್ದರೆ ಮಾತ್ರ ಸರ್ಕಾರದ ಮುದ್ರೆ. ಅಮೆರಿಕದ ಮೊದಲ ಗ್ರಾಹಕ ರಕ್ಷಣಾ ಕಾಯ್ದೆಗಳಲ್ಲಿ ಇದನ್ನೂ ಎಣಿಸುತ್ತಾರೆ.

1920ರಿಂದ 1933ರವರೆಗೆ ಇಡೀ ದೇಶದಲ್ಲಿ ಪಾನನಿಷೇಧವಿತ್ತು. ಆಮೇಲೆ ಚೇತರಿಸಿಕೊಂಡ ಬರ್ಬನ್, 1970ರ ದಶಕದಲ್ಲಿ ವೋಡ್ಕಾದ ಎದುರು ಸೋಲತೊಡಗಿತು. ಅದು ಅಪ್ಪಂದಿರ ಕಾಲದ ಪಾನೀಯ ಎಂಬ ಭಾವನೆ ಬೆಳೆಯಿತು. ಇಂಥ ಹೊತ್ತಿನಲ್ಲಿ, ಕೆಂಟಕಿಯ ಫ್ರಾಂಕ್‌ಫರ್ಟ್‌ನಲ್ಲಿರುವ, ಇಂದು ಬಫಲೋ ಟ್ರೇಸ್ ಎಂಬ ಹೆಸರಿನ ಬಟ್ಟಿಮನೆಯಲ್ಲಿದ್ದ ಎಲ್ಮರ್ ಟಿ. ಲೀ ಒಂದು ಹಳೆಯ ಅಭ್ಯಾಸವನ್ನು ನೆನಪಿಸಿಕೊಂಡರು. ಹಿಂದೆ ಅಲ್ಲಿ ಮುಖ್ಯಸ್ಥರಾಗಿದ್ದ ಆಲ್ಬರ್ಟ್ ಬ್ಲಾಂಟನ್, ಅತಿಥಿಗಳು ಬಂದಾಗ ‘ಎಚ್’ ಹೆಸರಿನ ಗೋದಾಮಿನಿಂದ ತಾವೇ ಒಂದು ಪೀಪಾಯಿ ಆರಿಸಿ ಬಾಟಲಿ ತುಂಬಿಸುತ್ತಿದ್ದರಂತೆ. ಲೋಹದ ತಗಡಿನ ಗೋಡೆಯ ಆ ಗೋದಾಮು ಬೇಗ ಬಿಸಿಯಾಗಿ ಬೇಗ ತಣಿಯುತ್ತದೆ. 1984ರಲ್ಲಿ ‘ಬ್ಲಾಂಟನ್ಸ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಆ ವಿಸ್ಕಿಯೇ ಆಧುನಿಕ ಕಾಲದ ಮೊದಲ ಸಿಂಗಲ್ ಬ್ಯಾರೆಲ್ ಬರ್ಬನ್. ಅಮೆರಿಕದ ಜೊತೆಗೆ ಜಪಾನಿನ ಗ್ರಾಹಕರ ಮೇಲೂ ಅದರ ಕಣ್ಣಿತ್ತು. 1997ರಲ್ಲಿ ಟೆನೆಸ್ಸಿಯ ಜಾಕ್ ಡೇನಿಯಲ್ಸ್ ಕೂಡ ತನ್ನ ಸಿಂಗಲ್ ಬ್ಯಾರೆಲ್ ತಂದಿತು.

ಅಂದರೆ ‘ಪರಂಪರೆ’ಯಂತೆ ಕಾಣುವ ಈ ಬಗೆಯ ಬಾಟಲಿಗೆ ನಲವತ್ತು ವರ್ಷ ದಾಟಿದೆ, ಅಷ್ಟೆ. ಅಭ್ಯಾಸ ಹಳೆಯದು, ಅದನ್ನು ದುಬಾರಿ ಸರಕಾಗಿಸಿದ್ದು ಹೊಸದು.

ಲೇಬಲ್ ಬಿಟ್ಟುಬಿಟ್ಟ ಹೆಸರು

ವಿಸ್ಕಿಯ ಲೇಬಲ್‌ಗಳಿಗೆ ಒಬ್ಬ ಮೂಲಪುರುಷ ಬೇಕು. ಉದಾಹರಣೆಗೆ, ಪೀಪಾಯಿಯನ್ನು ಸುಡುವ ವಿಧಾನವನ್ನು 18ನೇ ಶತಮಾನದ ಕೆಂಟಕಿಯ ಪಾದ್ರಿ ಎಲಿಜಾ ಕ್ರೇಗ್ ಕಂಡುಹಿಡಿದರು ಎಂಬ ಕಥೆ ಜನಪ್ರಿಯ. ಆದರೆ ಅದಕ್ಕೆ ಆ ಕಾಲದ ಯಾವ ಪುರಾವೆಯೂ ಇಲ್ಲ. ಇಂಥ ಕಥೆ ಬರೀ ತಮಾಷೆ ಅನ್ನಿಸಬಹುದು. ಆದರೆ ಕೆಲವು ಕಥೆಗಳು ಇನ್ನೊಬ್ಬರ ಹೆಸರನ್ನು ಅಳಿಸಿಬಿಡುತ್ತವೆ.

ಜಾಕ್ ಡೇನಿಯಲ್ಸ್ ವಿಷಯದಲ್ಲಿ ಆಗಿದ್ದು ಅದೇ. ಟೆನೆಸ್ಸಿಯ ಲಿಂಚ್‌ಬರ್ಗ್ ಬಳಿ ಡ್ಯಾನ್ ಕಾಲ್ ಎಂಬ ಪಾದ್ರಿಯ ಜಮೀನಿನಲ್ಲಿ ಜಾಕ್ ಎಂಬ ಹುಡುಗ ಬಟ್ಟಿ ಇಳಿಸುವುದನ್ನು ಕಲಿತ. ಪಾದ್ರಿಯೇ ಕಲಿಸಿದರು ಎಂಬುದು ದಶಕಗಳ ಕಾಲ ಪ್ರವಾಸಿಗರಿಗೆ ಹೇಳಿದ ಕಥೆ. ನಿಜವಾಗಿ ಅಲ್ಲಿ ಬಟ್ಟಿ ನೋಡಿಕೊಳ್ಳುತ್ತಿದ್ದವರು ನೇಥನ್ ‘ನಿಯರೆಸ್ಟ್’ ಗ್ರೀನ್, ಗುಲಾಮಗಿರಿಯಲ್ಲಿದ್ದ ಕಪ್ಪುಜನಾಂಗದ ಕುಶಲಕರ್ಮಿ. ಸಕ್ಕರೆ ಮೇಪಲ್ ಮರದ ಇದ್ದಿಲಿನ ದಪ್ಪ ಹಾಸಿನ ಮೂಲಕ ಹೊಸ ಮದ್ಯವನ್ನು ತೊಟ್ಟುತೊಟ್ಟಾಗಿ ಇಳಿಸಿ, ಆಮೇಲೆ ಪೀಪಾಯಿಗೆ ತುಂಬುವ ಕ್ರಮ ಆ ಊರಿನದು. ಟೆನೆಸ್ಸಿ ವಿಸ್ಕಿಯನ್ನು ಬರ್ಬನ್‌ನಿಂದ ಬೇರೆ ಎಂದು ತೋರಿಸುವುದೇ ಈ ಕ್ರಮ. ಹುಡುಗನಿಗೆ ಕಸುಬು ಕಲಿಸಿದವರು ಗ್ರೀನ್. ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ ಜಾಕ್ ತನ್ನದೇ ಬಟ್ಟಿಮನೆ ತೆರೆದಾಗ ಅದರ ಮೊದಲ ಮುಖ್ಯ ಬಟ್ಟಿಗಾರರಾದವರೂ ಅವರೇ. ಅವರ ಮಕ್ಕಳೂ ಅಲ್ಲಿ ದುಡಿದರು. ಜಾಕ್ ಡೇನಿಯಲ್ ತನ್ನ ಕೆಲಸಗಾರರ ಜೊತೆ ಕುಳಿತಿರುವ ಹಳೆಯ ಫೋಟೋ ಒಂದಿದೆ. ಅದರಲ್ಲಿ ಪಕ್ಕದಲ್ಲೇ ಕುಳಿತಿರುವ ಕಪ್ಪುವರ್ಣದ ವ್ಯಕ್ತಿ ಗ್ರೀನ್ ಅವರ ಮಗ ಜಾರ್ಜ್ ಇರಬೇಕು ಎಂದು ನಂಬಲಾಗಿದೆ.

ಊರಿನವರಿಗೆ ಇದು ಗುಟ್ಟೇನಾಗಿರಲಿಲ್ಲ. 1967ರಲ್ಲಿ ಬಂದ ಜಾಕ್ ಡೇನಿಯಲ್‌ನ ಜೀವನಚರಿತ್ರೆಯಲ್ಲೂ ಗ್ರೀನ್ ಹೆಸರಿದೆ. ಆದರೆ ಜಾಹೀರಾತಿಗೆ ಆ ಹೆಸರು ಬರಲಿಲ್ಲ. ಕಂಪನಿ 2016ರಲ್ಲಿ, ತನ್ನ 150ನೇ ವರ್ಷದ ಆಚರಣೆಯ ಹೊತ್ತಿಗೆ, ಈ ಕಥೆಯನ್ನು ಬಹಿರಂಗವಾಗಿ ಹೇಳತೊಡಗಿತು. ಮರುವರ್ಷ ಗ್ರೀನ್ ಅವರ ಹೆಸರಿನಲ್ಲೇ ಬೇರೊಂದು ಸಂಸ್ಥೆಯ ವಿಸ್ಕಿ ಬಂತು.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ಸಿಂಗಲ್ ಬ್ಯಾರೆಲ್ ಲೇಬಲ್ ಪೀಪಾಯಿಯ ಸಂಖ್ಯೆ, ಗೋದಾಮು, ತಾರೀಖು ಎಲ್ಲವನ್ನೂ ಬರೆದು “ನಾವು ಏನನ್ನೂ ಮುಚ್ಚಿಟ್ಟಿಲ್ಲ” ಎಂಬ ಭಾವನೆ ಹುಟ್ಟಿಸುತ್ತದೆ. ಬರೆದದ್ದು ನಿಜವೇ ಇರಬಹುದು. ಬರೆಯದೆ ಬಿಟ್ಟದ್ದು ಏನು ಎಂದು ಕೇಳುವುದೂ ಓದುವುದರ ಭಾಗ.

ಈಗ ಮೇಜಿನ ಮೇಲಿನ ಮಾತುಗಳಿಗೆ ಬರೋಣ

“ಒಂದೇ ಪೀಪಾಯಿಯದು, ಹಾಗಾಗಿ ಹೆಚ್ಚು ಶುದ್ಧ.” ತಪ್ಪು. ಬಣ್ಣ, ಪರಿಮಳ ಬೆರೆಸಬಾರದು ಎಂಬ ನಿಯಮ ಎಲ್ಲ ಬರ್ಬನ್‌ಗೂ ಒಂದೇ. ಸಾಮಾನ್ಯ ಬರ್ಬನ್‌ನಲ್ಲಿ ಬೆರೆಯುವುದು ಬೇರೆ ಪೀಪಾಯಿಗಳ ಬರ್ಬನ್ ಮಾತ್ರ. ನಮ್ಮಲ್ಲಿ ಅಗ್ಗವಾಗಿ ಸಿಗುವ ಎಷ್ಟೋ ವಿಸ್ಕಿಗಳು ಕಬ್ಬಿನ ಕಾಕಂಬಿಯ ಮದ್ಯಸಾರದಿಂದ ತಯಾರಾಗುವುದರಿಂದ ಈ ಹೋಲಿಕೆ ಮನಸ್ಸಿಗೆ ಬರುತ್ತದೆ, ಅದು ಸಹಜ. ಆದರೆ ಅಲ್ಲಿರುವ ವ್ಯತ್ಯಾಸ ಕಚ್ಚಾವಸ್ತುವಿನದು, ಪೀಪಾಯಿಗಳ ಎಣಿಕೆಯದಲ್ಲ.

“ಹಳೆಯದಾದಷ್ಟೂ ಒಳ್ಳೆಯದು.” ಹೊಸ ಸುಟ್ಟ ಓಕ್‌ನಲ್ಲಿ ಇದು ಒಂದು ಮಿತಿಯವರೆಗೆ ಮಾತ್ರ ನಿಜ. ತುಂಬಾ ವರ್ಷ ಇಟ್ಟರೆ ಟ್ಯಾನಿನ್ ಹೆಚ್ಚಾಗಿ ಕಹಿ, ಒಗರು ಮೇಲುಗೈ ಸಾಧಿಸುತ್ತವೆ. ಇನ್ನೊಂದು ವಿಷಯ: ಬಾಟಲಿಗೆ ತುಂಬಿದ ಮೇಲೆ ವಿಸ್ಕಿ ಮಾಗುವುದಿಲ್ಲ. ಆರು ವರ್ಷದ ವಿಸ್ಕಿಯನ್ನು ಬೀರುವಿನಲ್ಲಿ ಇಪ್ಪತ್ತು ವರ್ಷ ಇಟ್ಟರೂ ಅದು ಆರು ವರ್ಷದ್ದೇ.

“ಒಳ್ಳೇ ಮಾಲಿನಿಂದ ತಲೆನೋವು ಬರಲ್ಲ.” ಇದು ತಿರುವುಮುರುವು. ಹುದುಗುವಿಕೆಯಲ್ಲಿ ಮತ್ತು ಮರದಿಂದ ಬರುವ ಇತರ ರಾಸಾಯನಿಕಗಳು ಬರ್ಬನ್‌ನಲ್ಲಿ ವೋಡ್ಕಾಗಿಂತ ಬಹಳ ಹೆಚ್ಚು. ಅಮೆರಿಕದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬರ್ಬನ್ ಕುಡಿದವರಿಗೆ ಮರುದಿನದ ಸಂಕಟ ವೋಡ್ಕಾ ಕುಡಿದವರಿಗಿಂತ ಹೆಚ್ಚಿತ್ತು. ಆದರೆ ಗಮನ ಮತ್ತು ಪ್ರತಿಕ್ರಿಯೆಯ ವೇಗ ಕುಂದುವುದರಲ್ಲಿ ಇಬ್ಬರಿಗೂ ವ್ಯತ್ಯಾಸವಿರಲಿಲ್ಲ. ತಲೆನೋವು ಇಲ್ಲ ಎಂದ ಮಾತ್ರಕ್ಕೆ ಬೆಳಿಗ್ಗೆ ಗಾಡಿ ಓಡಿಸಲು ಸರಿಯಾಗಿದ್ದೇವೆ ಎಂದು ಅರ್ಥವಲ್ಲ.

“ಒಂದು ಪೆಗ್ ಎಂದರೆ ಒಂದು ಪೆಗ್.” ಅಪಾಯ ಹೆಚ್ಚಿರುವುದು ಇಲ್ಲೇ. ಕೆಲವು ಸಿಂಗಲ್ ಬ್ಯಾರೆಲ್‌ಗಳನ್ನು ನೀರು ಬೆರೆಸದೆ ತುಂಬುತ್ತಾರೆ. ಅವುಗಳಲ್ಲಿ ಮದ್ಯಸಾರ ಶೇ 60ಕ್ಕೂ ಹೆಚ್ಚಿರಬಹುದು. ಶೇ 40ರ ವಿಸ್ಕಿಯ 60 ಮಿಲಿಲೀಟರಿನಲ್ಲಿ ಸುಮಾರು 19 ಗ್ರಾಂ ಮದ್ಯಸಾರ ಇದ್ದರೆ, ಶೇ 60ರದ್ದರಲ್ಲಿ ಸುಮಾರು 28 ಗ್ರಾಂ. ಲೋಟ ಒಂದೇ, ಒಳಗಿನದು ಒಂದೂವರೆ ಪಟ್ಟು. ಅಮೆರಿಕದ ಲೇಬಲ್‌ನಲ್ಲಿ ‘ಪ್ರೂಫ್’ ಎಂದಿದ್ದರೆ ಅದನ್ನು ಎರಡರಿಂದ ಭಾಗಿಸಿ. 120 ಪ್ರೂಫ್ ಎಂದರೆ ಶೇ 60.

“ಚಳಿಗೆ, ನೆಗಡಿಗೆ ಒಳ್ಳೆಯದು.” ಪಾನನಿಷೇಧದ ಕಾಲದಲ್ಲಿ ಅಮೆರಿಕದ ವೈದ್ಯರೇ ಚೀಟಿ ಬರೆದು ವಿಸ್ಕಿ ಕೊಡಿಸುತ್ತಿದ್ದರು ಎಂಬುದು ನಿಜ. ಅದು ಕಾನೂನಿನ ಕಿಂಡಿಯಾಗಿತ್ತೇ ಹೊರತು ವೈದ್ಯಶಾಸ್ತ್ರದ ಪುರಾವೆಯಾಗಿರಲಿಲ್ಲ. ಮದ್ಯ ಕುಡಿದಾಗ ಚರ್ಮದ ರಕ್ತನಾಳಗಳು ಹಿಗ್ಗುವುದರಿಂದ ಬೆಚ್ಚಗಾದಂತೆ ಅನಿಸುತ್ತದೆ. ಅದೇ ಹೊತ್ತಿಗೆ ದೇಹದ ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಮಕ್ಕಳಿಗೆ ನೆಗಡಿಯಾದಾಗ ಒಂದು ಚಮಚ ಬ್ರಾಂದಿಯನ್ನೋ ವಿಸ್ಕಿಯನ್ನೋ ಕೊಡುವ ಅಭ್ಯಾಸ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ನಿಲ್ಲಿಸಿ. ಮಗುವಿನ ರಕ್ತದಲ್ಲಿ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು.

“ಮರದಲ್ಲಿ ಇಟ್ಟಿದ್ದು, ದೇಹಕ್ಕೆ ಏನೂ ಆಗಲ್ಲ.” ಓಕ್‌ನಿಂದ ಬರುವ ಕೆಲವು ಉತ್ಕರ್ಷಣ ನಿರೋಧಕ ವಸ್ತುಗಳ ಹೆಸರು ಹೇಳಿ ಹೀಗೆ ವಾದಿಸುವವರಿದ್ದಾರೆ. ಆದರೆ ಅವುಗಳ ಜೊತೆಗೆ ಬರುವ ಮದ್ಯಸಾರ ಹಾಗೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ ಮದ್ಯಪಾನೀಯಗಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದು 1988ರಲ್ಲಿ. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಎಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ನೂರು ಪೀಪಾಯಿಗಳ ಮಿಶ್ರಣವಾಗಲಿ, ಒಂದೇ ಪೀಪಾಯಿಯದಾಗಲಿ, ಯಕೃತ್ತಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಒಟ್ಟಾರೆ ಹೇಳುವುದಾದರೆ

‘ಸಿಂಗಲ್ ಬ್ಯಾರೆಲ್’ ಎಂಬುದು ಮೂಲದ ಬಗ್ಗೆ ಹೇಳುವ ಮಾತು, ಗುಣದ ಬಗ್ಗೆ ಅಲ್ಲ. “ಈ ಬಾಟಲಿ ಪಕ್ಕದ ಪೀಪಾಯಿಯ ಬಾಟಲಿಯಂತೆ ಇರುವುದಿಲ್ಲ” ಎಂಬುದಷ್ಟೇ ಅದು ಕೊಡುವ ಭರವಸೆ. ಚೆನ್ನಾಗಿರಬಹುದು, ಸಾಧಾರಣವೂ ಇರಬಹುದು. ಬೆಲೆಯ ಒಂದು ಭಾಗ ಆ ಅಪರೂಪಕ್ಕೆ, ಇನ್ನೊಂದು ಭಾಗ ಕಥೆಗೆ.

ಮುಂದಿನ ಸಲ ಅಂಥ ಬಾಟಲಿ ಮೇಜಿನ ಮೇಲೆ ಬಂದರೆ ಮೂರು ವಿಷಯ ನೋಡಿ: ಮದ್ಯಸಾರದ ಶೇಕಡಾವಾರು, ವಯಸ್ಸು ಬರೆದಿದೆಯೇ ಇಲ್ಲವೇ, ‘ಬರ್ಬನ್’ ಎಂಬಂಥ ಕಾನೂನಿನ ಬೆಂಬಲವಿರುವ ಪದ ಇದೆಯೇ. ಉಳಿದದ್ದೆಲ್ಲ ಅಲಂಕಾರ. ಆ ಅಲಂಕಾರದಲ್ಲಿ ಯಾರ ಹೆಸರಿದೆ ಎಂದು ನೋಡುವಾಗ, ನಿಯರೆಸ್ಟ್ ಗ್ರೀನ್ ಅವರ ಹೆಸರು ಹೊರಗೆ ಬರಲು ಎಷ್ಟು ಕಾಲ ಹಿಡಿಯಿತು ಎಂಬುದನ್ನೂ ಒಮ್ಮೆ ನೆನೆಯಿರಿ.